ಎಲ್ಮ್ ಮರವೂ ನಮ್ಮ ತಪಸಿಯೂ

ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷ್ ಕಾವ್ಯವನ್ನು ಓದಿದವರಿಗೆಲ್ಲ ಎಲ್ಮ್ ಎಂಬ ಮರ ಹೆಸರಿನಿಂದ ಪರಿಚಿತ. ಹಳ್ಳಿಯ ಸ್ಮಶಾನವನ್ನು ಕುರಿತು ಥಾಮಸ್ ಗ್ರೇ ಕವಿ ಬರೆದು ೧೭೫೧ರಲ್ಲಿ ಪ್ರಕಟವಾದ ಶೋಕಗೀತೆಯಲ್ಲಿ ಅದರ ಮಾತು ಬರುತ್ತದೆ. ಇಂಗ್ಲೆಂಡಿನ ಗ್ರಾಮಜೀವನವನ್ನು ಬಣ್ಣಿಸುವ ಎಷ್ಟೋ ಕಾದಂಬರಿಗಳ ದಾರಿಬದಿಯಲ್ಲಿ ಅದು ನಿಂತಿರುತ್ತದೆ. ಆ ಸಾಲು ಬಂದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಅರ್ಥ ಕೇಳುತ್ತಾನೆ. ಉಪಾಧ್ಯಾಯರು ‘ಅದೊಂದು ಜಾತಿಯ ಮರ’ ಎಂದು ಹೇಳಿ ಮುಂದಿನ ಸಾಲಿಗೆ ಹೋಗುತ್ತಾರೆ. ಅವರದೇನೂ ತಪ್ಪಿಲ್ಲ. ಮರಕ್ಕೆ ಅರ್ಥ ಹೇಳುವುದು ಹೇಗೆ? ಮರವನ್ನು ತೋರಿಸಬಹುದು, ಅಷ್ಟೆ. ಆದರೆ ತೋರಿಸುವ ಅವಕಾಶ ನಮಗೆ ಇಲ್ಲವೆಂದು ನಾವು ಬಹುಬೇಗ ತೀರ್ಮಾನಿಸಿಬಿಟ್ಟಿದ್ದೇವೆ.

ಎಲ್ಮ್ ಮನೆತನಕ್ಕೆ ಸೇರಿದ ಮರವೊಂದು ನಮ್ಮ ದಖ್ಖನಿನ ಬಿಸಿಲಿನಲ್ಲಿಯೇ ಹುಟ್ಟಿ ಬೆಳೆಯುತ್ತದೆ. ಅದರ ಹೆಸರು ತಪಸಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ ಎಂದರೆ ಓದುಗರಿಗೆ ತೊಗರಿಯ ಹೊಲ, ಹಾಸುಗಲ್ಲಿನ ಖಣಿ, ಸಿಮೆಂಟಿನ ಚಿಮಣಿ, ಸುಡುವ ವೈಶಾಖ ಇವಿಷ್ಟೇ ನೆನಪಿಗೆ ಬರಬಹುದು. ಎಲ್ಮ್ ಅಲ್ಲಿಗೆ ಹೊಂದುವ ಮಾತೆಂದು ಯಾರಿಗೂ ತೋರುವುದಿಲ್ಲ. ಆದರೂ ಹಳ್ಳದ ದಂಡೆಯಲ್ಲಿ, ಹಳೆಯ ದಾರಿಯ ಅಂಚಿನಲ್ಲಿ, ಕುರುಚಲು ಕಾಡಿನ ತಗ್ಗಿನಲ್ಲಿ ಬೆಳೆಯುವಂಥ ಈ ಮರವನ್ನು ಹೆಸರಿಟ್ಟು ಗುರುತಿಸುವವರು ಇದ್ದಿದ್ದರೆ, ನಮ್ಮ ಊರುಗಳ ಅಂಗಳಗಳಿಗೂ ಬೀದಿಗಳಿಗೂ ಇಂದು ಇರುವುದಕ್ಕಿಂತ ಹೆಚ್ಚಿನ ನೆರಳು ದೊರೆಯುತ್ತಿತ್ತು. ಹೆಸರು ಗೊತ್ತಿಲ್ಲದ ಮರ ‘ಕಾಡುಗಿಡ’ವಾಗುತ್ತದೆ, ಕಾಡುಗಿಡವನ್ನು ಕಡಿಯುವಾಗ ಯಾರೂ ಎರಡು ಸಲ ಯೋಚಿಸುವುದಿಲ್ಲ.

ಮೊದಲು ಪರದೇಶದ ಮರದ ಕಥೆಯನ್ನು ಹೇಳಬೇಕು. ಏಕೆಂದರೆ ಉದ್ಯಾನಗಳಿಗಾಗಿ ಜನ ಆಸೆಪಡುವುದು ನೆಟ್ಟಗೆ ನಿಲ್ಲುವ ಎಲ್ಮನ್ನಲ್ಲ, ಜೋಲುವ ಎಲ್ಮನ್ನು. ಜಡೆ ಬಿಚ್ಚಿ ಹರಡಿಕೊಂಡಂತೆ ಅದರ ಕೊಂಬೆಗಳೆಲ್ಲ ನೆಲದತ್ತ ಇಳಿದಿರುತ್ತವೆ. ಒಳಗೆ ಹೊಕ್ಕರೆ ಹಸುರು ಗುಡಿಸಲಿನಲ್ಲಿ ಕುಳಿತ ಹಾಗೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕ್ಯಾಂಪರ್‌ಡೌನ್ ಎಲ್ಮ್. ಸ್ಕಾಟ್ಲೆಂಡಿನ ಡಂಡೀ ನಗರದ ಬಳಿಯ ಕ್ಯಾಂಪರ್‌ಡೌನ್ ಹೌಸ್ ಎಂಬ ಜಹಗೀರಿನಲ್ಲಿ, ೧೮೩೫ರಿಂದ ೧೮೪೦ರ ನಡುವೆ, ಡೇವಿಡ್ ಟೇಲರ್ ಎಂಬ ವನಪಾಲಕ ಒಂದು ವಿಚಿತ್ರ ಸಸಿಯನ್ನು ಕಂಡ. ಅದು ಮೇಲಕ್ಕೆ ಏಳದೆ ನೆಲದ ಮೇಲೆಯೇ ಸೊಟ್ಟಸೊಟ್ಟಗೆ ಹರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿತ್ತೊಗೆಯುತ್ತಿದ್ದರೇನೋ. ಟೇಲರ್ ಅದರ ಕಡ್ಡಿಯನ್ನು ತೆಗೆದು ವಿಚ್ ಎಲ್ಮ್ ಎಂಬ ನೆಟ್ಟನೆಯ ಜಾತಿಯ ಕಾಂಡದ ಮೇಲೆ ಕಸಿ ಮಾಡಿದ. ನೆಲದ ಮೇಲೆ ತೆವಳಬೇಕಾಗಿದ್ದ ಕೊಂಬೆಗಳು ಆಳೆತ್ತರದಿಂದ ಇಳಿಬಿದ್ದವು, ಅಂಗವೈಕಲ್ಯವೇ ಅಲಂಕಾರವಾಯಿತು.

ಇಂದು ಲೋಕದಲ್ಲಿ ಎಲ್ಲೆಲ್ಲಿ ಕ್ಯಾಂಪರ್‌ಡೌನ್ ಎಲ್ಮ್ ಇದೆಯೋ ಅದೆಲ್ಲ ಆ ಒಂದೇ ಗಿಡದ ತುಣುಕು. ಬೀಜದಿಂದ ಈ ಗುಣ ಇಳಿದು ಬರುವುದೆಂಬ ಭರವಸೆಯಿಲ್ಲ; ಕಸಿಯೇ ಗತಿ. ಆದ್ದರಿಂದ ಜೋಲುವ ಎಲ್ಮನ್ನು ಗುರುತಿಸಲು ಸುಲಭವಾದ ಉಪಾಯವೊಂದುಂಟು. ಕಾಂಡದ ಮೇಲ್ಭಾಗದಲ್ಲಿ, ಎದೆಯ ಎತ್ತರಕ್ಕೋ ತಲೆಯ ಎತ್ತರಕ್ಕೋ, ಗಂಟಿನಂತಹ ಉಬ್ಬು ಕಾಣುತ್ತದೆ. ಅದು ಕಸಿಯ ಕೀಲು. ಅದರ ಕೆಳಗಿನದು ಒಂದು ಮರ, ಮೇಲಿನದು ಇನ್ನೊಂದು. ಕೀಲಿನ ಕೆಳಗೆ ಒಡೆಯುವ ಚಿಗುರನ್ನು ಸವರದೆ ಬಿಟ್ಟರೆ ನೆಟ್ಟನೆಯ ಮರವೇ ಮೇಲೆದ್ದು ಜೋಲುವ ಮರವನ್ನು ನುಂಗಿಬಿಡುತ್ತದೆ.

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಪ್ರಾಸ್ಪೆಕ್ಟ್ ಪಾರ್ಕಿನಲ್ಲಿ ೧೮೭೨ರಲ್ಲಿ ನೆಟ್ಟ ಇಂಥ ಮರವೊಂದಿದೆ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದು ಪೊಟರೆಬಿದ್ದು ಸಾಯುವ ಸ್ಥಿತಿಗೆ ಬಂದಿತ್ತು. ಕವಯಿತ್ರಿ ಮೇರಿಯಾನ್ ಮೂರ್ ೧೯೬೭ರಲ್ಲಿ ಆ ಮರವನ್ನು ಕುರಿತು ಪದ್ಯ ಬರೆದರು. ಜನರ ಗಮನ ಮರದ ಕಡೆಗೆ ತಿರುಗಿತು, ಚಿಕಿತ್ಸೆಗೆ ಹಣ ಕೂಡಿತು, ಮರ ಉಳಿಯಿತು. ಕವಿತೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಸಾಹಿತ್ಯದ ಅಧ್ಯಾಪಕರು ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು. ಪದ್ಯದ ಶೀರ್ಷಿಕೆಯಲ್ಲಿಯೇ ಮರದ ಹೆಸರಿತ್ತೆಂಬುದನ್ನು ಮಾತ್ರ ಮರೆಯಬಾರದು. ‘ಅದೊಂದು ಜಾತಿಯ ಮರ’ ಎಂದು ಬರೆದಿದ್ದರೆ ಯಾರ ಕೈಯೂ ಜೇಬಿಗೆ ಹೋಗುತ್ತಿರಲಿಲ್ಲ.

ಆದರೆ ಎಲ್ಮಿಗೆ ಬಂದ ವಿಪತ್ತು ಪದ್ಯದಿಂದ ನಿಲ್ಲುವಂಥದಾಗಿರಲಿಲ್ಲ. ತೊಗಟೆಯ ಅಡಿಯಲ್ಲಿ ಸುರಂಗ ಕೊರೆಯುವ ಸಣ್ಣ ದುಂಬಿಯೊಂದು ಒಂದು ಬಗೆಯ ಶಿಲೀಂಧ್ರವನ್ನು ಮರದಿಂದ ಮರಕ್ಕೆ ಹೊತ್ತು ತರುತ್ತದೆ. ಶಿಲೀಂಧ್ರವು ನೀರೇರುವ ನಾಳಗಳಲ್ಲಿ ಸೇರಿಕೊಂಡೊಡನೆ ಮರ ತನ್ನ ನಾಳಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಬಾಯಾರಿಕೆಯಿಂದಲೇ ಸಾಯುತ್ತದೆ. ಇದರ ಕಾರಣವನ್ನು ಮೊದಲು ಶೋಧಿಸಿದವರು ಹಾಲೆಂಡಿನ ವಿಜ್ಞಾನಿಗಳಾದುದರಿಂದ ರೋಗಕ್ಕೆ ‘ಡಚ್ ಎಲ್ಮ್ ರೋಗ’ವೆಂದು ಹೆಸರು ಬಂತು. ಶೋಧಿಸಿದವರ ಹೆಸರು ರೋಗಕ್ಕೆ ಅಂಟಿಕೊಂಡದ್ದು ಅನ್ಯಾಯವೇ ಸರಿ. ೧೯೬೦ರ ದಶಕದ ಕೊನೆಯಲ್ಲಿ ಎದ್ದ ಎರಡನೆಯ ಅಲೆಯಲ್ಲಿ ಬ್ರಿಟನ್ನೊಂದರಲ್ಲಿಯೇ ಎರಡೂವರೆ ಕೋಟಿಗೂ ಮಿಕ್ಕಿ ಎಲ್ಮ್‌ಗಳು ಸತ್ತವು. ಗ್ರೇ ಕವಿ ಕಂಡ ಗ್ರಾಮದೃಶ್ಯ ಇಂದು ಬಹುಮಟ್ಟಿಗೆ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ ನಮ್ಮದೇ ಒಂದು ಎಲ್ಮ್ ಜಾತಿಗೆ ಈ ರೋಗವನ್ನು ತಡೆಯುವ ಶಕ್ತಿಯಿರುವುದನ್ನು ಕಂಡ ಡಚ್ಚರು ಅದನ್ನು ತಮ್ಮ ಎಲ್ಮಿನೊಡನೆ ಸಂಕರ ಮಾಡಿ, ೧೯೭೦ರ ದಶಕದಲ್ಲಿ ಹೊಸ ತಳಿಗಳನ್ನು ಹೊರತಂದರು.

ಹಾಗಾದರೆ ಸೇಡಮ್ಮಿನ ಅಂಗಳದಲ್ಲಿ ಒಂದು ಕ್ಯಾಂಪರ್‌ಡೌನ್ ಎಲ್ಮನ್ನು ನೆಡಬಹುದೆ? ನೆಡಬಹುದು, ಬದುಕಿಸಿಕೊಳ್ಳುವುದು ಸಾಧ್ಯವಿಲ್ಲ. ಹಿಮ ಬೀಳುವ ಚಳಿಗಾಲದಲ್ಲಿ ನಿದ್ರಿಸಿ, ತಂಪಾದ ಬೇಸಗೆಯಲ್ಲಿ ಎಚ್ಚರಗೊಳ್ಳುವ ಮರ ಅದು. ನಮ್ಮಲ್ಲಿ ಚಳಿಗಾಲ ಅದನ್ನು ಮಲಗಿಸುವಷ್ಟು ಇಲ್ಲ. ಬೇಸಗೆ ಅದನ್ನು ಬಾಳಿಸುವಷ್ಟು ಕರುಣೆಯುಳ್ಳದ್ದಲ್ಲ. ನಲವತ್ತಮೂರು ಡಿಗ್ರಿಯ ಬಿಸಿಗಾಳಿಗೆ ಆ ಒರಟು ಎಲೆಯ ಅಂಚು ಮೊದಲು ಕಂದುತ್ತದೆ, ಆಮೇಲೆ ಎಲೆಯೇ ಸುಟ್ಟುಹೋಗುತ್ತದೆ. ಚೀನೀ ಎಲ್ಮ್ ಎಂಬ ಚಿಕ್ಕೆಲೆಯ ಜಾತಿ ಸ್ವಲ್ಪ ಸಹಿಷ್ಣು. ಅದರ ಕೆಲವು ಬಗೆಗಳ ಕೊಂಬೆಗಳು ಚೆಂದವಾಗಿ ಬಾಗುತ್ತವೆ. ಕುಂಡದಲ್ಲಿ ಕುಬ್ಜವಾಗಿ ಬೆಳೆಸುವವರು ಅದನ್ನು ತಂದಿಟ್ಟುಕೊಳ್ಳುತ್ತಾರೆ. ಹವ್ಯಾಸಕ್ಕೆ ಅದು ಸರಿ. ಆದರೆ ದಾರಿಹೋಕನಿಗೆ ಕುಂಡದ ಮರದಿಂದ ನೆರಳು ಸಿಕ್ಕುವುದಿಲ್ಲ.

ಜೋಲುವ ಮರದ ಆಸೆ ನಮ್ಮಲ್ಲಿಯೂ ಬೇರೂರಿದೆ. ಯಾವ ಊರಿಗೆ ಹೋದರೂ ಕಛೇರಿಯ ಆವರಣದಲ್ಲಿ, ಕಾಲೇಜಿನ ಹಾದಿಯಲ್ಲಿ, ಹೊಸ ಬಡಾವಣೆಯ ಗೋಡೆಗುಂಟ, ಕಂಬದಂತೆ ನೆಟ್ಟಗೆ ನಿಂತು ಕೊಂಬೆಗಳನ್ನು ಮೈಗಂಟಿಸಿಕೊಂಡು ಕೆಳಗಿಳಿಸಿದ ಮರವನ್ನು ಕಾಣುತ್ತೇವೆ. ಕೇಳಿದರೆ ‘ಅಶೋಕ’ ಎನ್ನುತ್ತಾರೆ. ಅದು ಅಶೋಕವಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ, ಹಸುರು ನಕ್ಷತ್ರದಂಥ ಸಣ್ಣ ಹೂ ಬಿಡುವ ಬೇರೆ ಮರ. ಶಾಸ್ತ್ರಜ್ಞರು ಅದನ್ನು ಬಹುಕಾಲ ಪಾಲಿಆಲ್ಥಿಯಾ ಎಂದು ಕರೆದರು, ಈಗ ಮೋನೂನ್ ಎನ್ನುತ್ತಾರೆ. ಕವಿಗಳ ಅಶೋಕ ಅವರೆಯ ವರ್ಗದ ಮರ. ಕೆಂಪು ಕೇಸರಿಯ ಹೂಗೊಂಚಲು ಕಾಂಡಕ್ಕೂ ಅಂಟಿಕೊಂಡು ಅರಳುತ್ತದೆ, ತಾಮ್ರವರ್ಣದ ಎಳೆದಳಿರು ಸೋತಂತೆ ಇಳಿದಿರುತ್ತದೆ. ಎರಡಕ್ಕೂ ನಂಟಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನೆನೆಯದಿರುವುದು ಕಷ್ಟ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ, ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಅಲ್ಲಿನ ಸುಣ್ಣಕಲ್ಲಿನ ಫಲಕವೊಂದರಲ್ಲಿ ಅರಸನೊಬ್ಬನು ಪರಿವಾರದೊಡನೆ ನಿಂತಿದ್ದಾನೆ. ಶಿಲ್ಪಿ ಅಲ್ಲಿಗೇ ಬಿಡದೆ, ಬ್ರಾಹ್ಮೀ ಲಿಪಿಯಲ್ಲಿ ಅದು ರಾಜ ಅಶೋಕನೆಂದು ಹೆಸರನ್ನು ಕೊರೆದಿಟ್ಟಿದ್ದಾನೆ. ಆ ಎರಡು ಪದಗಳಿಲ್ಲದಿದ್ದರೆ ವಿದ್ವಾಂಸರು ಇಂದಿಗೂ ಯಾವ ಅರಸನೆಂದು ಚರ್ಚಿಸುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ಹೆಸರನ್ನು ಕುರಿತು ಇಷ್ಟು ಎಚ್ಚರವಿದ್ದ ನೆಲದಲ್ಲಿ, ಅಶೋಕವಲ್ಲದ ಮರಕ್ಕೆ ಅಶೋಕನ ಹೆಸರಿಟ್ಟು ಸಾಲುಸಾಲಾಗಿ ನೆಟ್ಟಿದ್ದೇವೆ. ಹೆಸರು ಹೋಗಲಿ, ಆ ಕಂಬಮರದ ಬುಡದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬ ಮನುಷ್ಯ ನಿಂತರೆ ಅವನ ತಲೆಗೆ ಸಾಲುವಷ್ಟು ನೆರಳೂ ಇರುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಗೋಡೆಯಂತೆ ಮರೆ ಮಾಡಲು ಅದು ಒಳ್ಳೆಯದು. ವಾಡಿಯ ನಿಲ್ದಾಣದಿಂದ ಊರೊಳಗೆ ನಡೆದು ಹೋಗುವವನಿಗೆ ಬೇಕಾಗಿರುವುದು ಬೇರೆಯ ಮರ.

ಆ ಬೇರೆಯ ಮರಗಳಲ್ಲಿ ತಪಸಿ ಒಂದು. ಅದನ್ನು ಗುರುತಿಸುವ ಬಗೆ ಹೇಗೆಂದು ವಿವರವಾಗಿ ಹೇಳುತ್ತೇನೆ.

ತಪಸಿಯನ್ನು ಮೊದಲು ನೋಡಬೇಕಾದ ಕಾಲ ಅದರ ಎಲೆಯೆಲ್ಲ ಉದುರಿದ ಕಾಲ. ಐವತ್ತು ಅರವತ್ತು ಅಡಿ ಎತ್ತರ ಬೆಳೆಯುವ, ಹರಹಾಗಿ ಕೊಂಬೆ ಚಾಚುವ ಮರ ಇದು. ತೊಗಟೆ ಬೂದಿಬಣ್ಣ, ದೂರದಿಂದ ಸುಣ್ಣ ಸವರಿದಂತೆ ಕಾಣುವುದುಂಟು. ಹತ್ತಿರ ಹೋಗಿ ಕೈಯಾಡಿಸಿದರೆ ಸಣ್ಣ ಸಣ್ಣ ಬೊಬ್ಬೆಗಳು ಬೆರಳಿಗೆ ತಗಲುತ್ತವೆ. ಮುದಿಮರದಲ್ಲಿ ಅದೇ ತೊಗಟೆ ಬೆಂಡಿನಂತಹ ಹಕ್ಕಳೆಗಳಾಗಿ ಕಳಚುತ್ತದೆ. ಹೆಸರಿನ ಮೂಲ ಏನೇ ಇರಲಿ, ಮಾಘದ ಬಿಸಿಲಿನಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟು ಬೂದಿ ಬಳಿದುಕೊಂಡು ನಿಂತ ಆ ಮರವನ್ನು ಕಂಡಾಗ ತಪಸ್ವಿಯ ನೆನಪಾಗದೆ ಇರದು.

ಆ ಬರಿಯ ಕೊಂಬೆಗಳ ಮೇಲೆಯೇ, ಉದುರಿದ ಎಲೆಯ ಗಾಯದ ಗುರುತಿನಲ್ಲಿ, ಹೂ ಮೂಡುತ್ತದೆ. ಹೂವೆಂದು ಹೇಳಬೇಕು, ಅಷ್ಟೆ: ಹಸುರು ಹಳದಿಯೋ ಕಂದೋ ಎಂದು ಹೇಳಲಾಗದ ಸಣ್ಣ ತುರಾಯಿ, ಗಾಳಿಗೆ ಪರಾಗ ಒಪ್ಪಿಸುವ ಹೂಗಳಿಗೆ ಚೆಲುವಿನ ಅಗತ್ಯವಿಲ್ಲ. ಚೆಲುವು ಬರುವುದು ಆಮೇಲೆ. ಫಾಲ್ಗುಣ ಚೈತ್ರಗಳಲ್ಲಿ ಮರದ ತುಂಬ ಹಸುರು ನಾಣ್ಯಗಳು ತೂಗಾಡತೊಡಗುತ್ತವೆ. ಒಂದೊಂದು ಕಾಯಿಯೂ ಒಂದಂಗುಲ ಅಗಲದ ದುಂಡು ಬಿಲ್ಲೆ. ನಡುವೆ ಚಪ್ಪಟೆಯಾದ ಒಂದೇ ಬೀಜ, ಸುತ್ತ ಜಾಲರಿಯ ನರಗಳುಳ್ಳ ತೆಳುವಾದ ರೆಕ್ಕೆ. ಕಾಯಿಯ ಗೊಂಚಲಿನ ಭಾರಕ್ಕೆ ತುದಿರೆಂಬೆಗಳು ಇಳಿಬೀಳುತ್ತವೆ. ಸುತ್ತಲಿನ ಹೊಲಗಳೆಲ್ಲ ಒಣಗಿ ಬಿರುಕುಬಿಟ್ಟಿರುವಾಗ ತಪಸಿ ಹೂವೂ ಅಲ್ಲದ ಎಲೆಯೂ ಅಲ್ಲದ ಒಂದು ತಿಳಿಹಸುರಿನಲ್ಲಿ ಮುಚ್ಚಿಹೋಗಿರುತ್ತದೆ. ಅರಿಯದವರು ಅದನ್ನು ಚಿಗುರೆಂದೇ ಭಾವಿಸುತ್ತಾರೆ. ಕೆಲವೇ ವಾರಗಳಲ್ಲಿ ಬಿಲ್ಲೆಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಬಿಸಿಗಾಳಿ ಎದ್ದಾಗ ಗುಂಪುಗುಂಪಾಗಿ ಹಾರಿ, ಬೀದಿಯ ಮೂಲೆಗಳಲ್ಲಿ ಹಪ್ಪಳದ ಚೂರುಗಳಂತೆ ಒಟ್ಟಾಗುತ್ತವೆ. ಮಕ್ಕಳು ಸಿಪ್ಪೆ ಬಿಡಿಸಿ ಒಳಗಿನ ಬೀಜವನ್ನು ತಿನ್ನುವುದುಂಟು. ಕೋತಿಗಳಿಗೂ ಅದು ಇಷ್ಟ. ಇಂಗ್ಲಿಷಿನಲ್ಲಿ ಇದಕ್ಕೆ ‘ಮಂಕಿ ಬಿಸ್ಕಿಟ್ ಟ್ರೀ’ ಎಂಬ ಅಡ್ಡಹೆಸರು ಬಂದಿರುವುದು ಅದರಿಂದಲೇ.

ಎಲೆ ಬಂದ ಮೇಲೆ ಗುರುತು ಇನ್ನೂ ಸುಲಭ. ಎಲೆ ಬಿಡಿಯೆಲೆ, ಹೊಂಗೆಯಂತೆ ಒಂದೇ ಕಡ್ಡಿಗೆ ಐದಾರು ಕೂಡಿರುವುದಿಲ್ಲ. ಮೂರರಿಂದ ಐದಂಗುಲ ಉದ್ದ, ಬುಡ ದುಂಡಗೆ ಅಥವಾ ಹೃದಯದಾಕಾರ, ತುದಿ ಚೂಪು, ಮೈ ನುಣುಪು, ಅಂಚು ಪೂರ್ತಿ ನಯ. ಯೂರೋಪಿನ ಎಲ್ಮಿಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲಿಯೇ. ಅದರ ಎಲೆಯ ಅಂಚು ಗರಗಸ. ಬುಡದ ಎರಡು ಮಗ್ಗುಲುಗಳು ಸಮವಾಗಿರದೆ ಒಂದು ಮೇಲೆ ಒಂದು ಕೆಳಗೆ ತೊಟ್ಟನ್ನು ಸೇರುತ್ತವೆ. ಆದರೆ ಎರಡರ ಕಾಯನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟರೆ ಒಂದೇ ಮನೆತನದವೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಕೊನೆಯ ಪರೀಕ್ಷೆ ಮೂಗಿನದು. ತಪಸಿಯ ಎಲೆಯನ್ನು ಹೊಸಕಿದರೆ ಅಹಿತವಾದ ವಾಸನೆ ಬರುತ್ತದೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ, ಇನ್ನೊಮ್ಮೆ ಮೂಸುವುದೂ ಇಲ್ಲ.

ಹೆಸರುಗಳ ವಿಷಯದಲ್ಲಿ ನಮ್ಮ ಗಡಿನಾಡು ಶ್ರೀಮಂತ. ಕನ್ನಡದಲ್ಲಿ ತಪಸಿ, ರಾಹುಬೀಜವೆಂದೂ ಕರೆಯುವುದುಂಟು. ಚಿಂಚೋಳಿ ಸೇಡಮ್ಮುಗಳ ಪೂರ್ವದ ಎಲ್ಲೆ ದಾಟಿದರೆ ತೆಲುಗಿನಲ್ಲಿ ನೆಮಲಿನಾರ; ಹೆಸರಿನಲ್ಲಿಯೇ ನಾರು ಇದೆ. ಮರಾಠಿಯಲ್ಲಿ ವಾವಳ. ಉತ್ತರಕ್ಕೆ ಹೋದರೆ ಚಿಲ್‌ಬಿಲ್, ಪಾಪ್ರಿ, ಕಂಜು. ಸಂಸ್ಕೃತದ ವೈದ್ಯಗ್ರಂಥಗಳ ಚಿರಬಿಲ್ವವೂ ಇದೇ ಎಂದು ಇಂದಿನ ಆಯುರ್ವೇದದವರು ಒಪ್ಪಿಕೊಂಡಿದ್ದಾರೆ. ಬಿಲ್ವವೆಂಬ ಮಾತು ಇದೆಯೆಂದು ತ್ರಿದಳವನ್ನು ಹುಡುಕಬಾರದು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ: ಅಮರಸಿಂಹನು ಚಿರಬಿಲ್ವವನ್ನು ನಕ್ತಮಾಲ, ಕರಂಜಗಳ ಪಂಕ್ತಿಯಲ್ಲಿ ಕೂರಿಸಿದ್ದಾನೆ, ಎಂದರೆ ಹೊಂಗೆಯ ಪಂಕ್ತಿಯಲ್ಲಿ. ಹೊಂಗೆಯನ್ನೂ ತಪಸಿಯನ್ನೂ ಒಂದೇ ಎಂದುಕೊಳ್ಳುವ ಗೊಂದಲ ನಿನ್ನೆ ಮೊನ್ನೆಯದಲ್ಲ. ನಿಘಂಟು ಪದಕ್ಕೆ ಪದವನ್ನು ಕೊಡುತ್ತದೆ. ಕಾಯನ್ನು ಒಡೆದು ತೋರಿಸುವುದಿಲ್ಲ. ಹೊಂಗೆಯ ಕಾಯಿ ದಪ್ಪ ಸಿಪ್ಪೆಯ, ಎಣ್ಣೆಬೀಜದ ಕಾಯಿ. ತಪಸಿಯದು ಹಾರುವ ಬಿಲ್ಲೆ. ಕಾಯಿ ಕೈಯಲ್ಲಿದ್ದರೆ ಜಗಳ ಮುಗಿಯಿತು.

ಪಾಶ್ಚಾತ್ಯ ಶಾಸ್ತ್ರಜ್ಞರಿಗೂ ಈ ಮರ ಸ್ವಲ್ಪ ಕಾಟ ಕೊಟ್ಟಿತು. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಕೋರಮಂಡಲ ತೀರದ ಸಸ್ಯಗಳನ್ನು ಚಿತ್ರಸಹಿತ ಪ್ರಕಟಿಸಿದ ವಿಲಿಯಂ ರಾಕ್ಸ್‌ಬರೋ ಇದನ್ನು ನೇರವಾಗಿ ಎಲ್ಮಿನ ಕುಲಕ್ಕೇ ಸೇರಿಸಿ, ಅಂಚು ನಯವಾದ ಎಲ್ಮ್ ಎಂಬರ್ಥದ ಹೆಸರಿಟ್ಟ. ೧೮೪೮ರಲ್ಲಿ ಫ್ರಾನ್ಸಿನ ಪ್ಲಾಂಶೋ ಇದು ಎಲ್ಮಿನ ದಾಯಾದಿಯೇ ಹೊರತು ಒಡಹುಟ್ಟಲ್ಲವೆಂದು ನಿರ್ಧರಿಸಿ, ಹೋಲೊಪ್ಟೀಲಿಯಾ ಎಂಬ ಬೇರೆ ಕುಲವನ್ನು ಕಟ್ಟಿದ. ‘ಪ್ಟೀಲಿಯಾ’ ಎಂದರೆ ಗ್ರೀಕ್ ಭಾಷೆಯಲ್ಲಿ ಎಲ್ಮ್. ಮನೆ ಬೇರೆಯಾದರೂ ಮನೆತನದ ಹೆಸರು ಉಳಿಯಿತು. ಈ ಕುಲದಲ್ಲಿ ಇರುವುದು ಎರಡೇ ಜಾತಿ. ಒಂದು ನಮ್ಮದು, ಇನ್ನೊಂದು ಆಫ್ರಿಕದ್ದು.

ಗುಣವನ್ನಷ್ಟೇ ಹೇಳಿ ದೋಷವನ್ನು ಮುಚ್ಚಿಟ್ಟರೆ ಅದು ಸಸಿ ಮಾರುವವನ ಮಾತಾದೀತು. ತಪಸಿಯ ಮರಮಟ್ಟು ತಿಳಿಹಳದಿ, ಹಗುರ, ಬಾಳಿಕೆ ಕಡಿಮೆ. ಹೊರಗೆ ಮಳೆಗೆ ಬಿದ್ದರೆ ಬೇಗ ಲಡ್ಡಾಗುತ್ತದೆ. ಆದ್ದರಿಂದ ಇದಕ್ಕೆ ಸಾಗುವಾನಿಯ ಮರ್ಯಾದೆ ಎಂದೂ ಬರಲಿಲ್ಲ, ಬಹುಪಾಲು ಸೌದೆಯಾಯಿತು. ಬೀಜ ಬೀಳುವ ತಿಂಗಳಿನಲ್ಲಿ ಅಂಗಳ ಗುಡಿಸುವವರಿಗೆ ಬೇಸರ ತಪ್ಪಿದ್ದಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಪರಾಗ. ಉತ್ತರ ಭಾರತದ ನಗರಗಳಲ್ಲಿ ಉಬ್ಬಸ, ಮೂಗಿನ ಸೋರಿಕೆ ಮೊದಲಾದ ಒಗ್ಗದಿಕೆಯ ತೊಂದರೆಗಳಿಗೆ ಈ ಮರದ ಪರಾಗ ಒಂದು ಮುಖ್ಯ ಕಾರಣವೆಂದು ವೈದ್ಯರು ಗುರುತಿಸಿದ್ದಾರೆ. ಸಿಮೆಂಟಿನ ಧೂಳಿನಿಂದ ಮೊದಲೇ ಶ್ವಾಸಕೋಶ ಸೊರಗಿರುವ ಊರುಗಳಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಆಸ್ಪತ್ರೆಯ ಆವರಣ, ತರಗತಿಯ ಕಿಟಕಿ, ಮಲಗುವ ಮನೆಯ ಮಗ್ಗುಲು, ಈ ಮೂರು ಕಡೆ ತಪಸಿ ಬೇಡ. ಬೀದಿಯುದ್ದಕ್ಕೂ ಇದೊಂದನ್ನೇ ನೆಡುವುದೂ ಬೇಡ. ಬೇವು, ಹೊಂಗೆ, ಹುಣಿಸೆಗಳ ನಡುವೆ ಅಲ್ಲೊಂದು ಇಲ್ಲೊಂದು ಇರಲಿ. ಹೊಲದ ಬದು, ಕೆರೆಯ ಏರಿಯ ಹೊರಮಗ್ಗುಲು, ಸಂತೆಯ ಬಯಲು, ಬಸ್ಸು ನಿಲ್ಲುವ ಊರ ಅಂಚು ಇದಕ್ಕೆ ತಕ್ಕ ಸ್ಥಳಗಳು.

ಇನ್ನು ನೆಡುವ ಕ್ರಮ. ಇಲ್ಲಿ ಮರಕ್ಕಿಂತ ನೆಲವನ್ನು ಮೊದಲು ತಿಳಿಯಬೇಕು. ಕಾಗಿಣಾ ನದಿ ಚಿಂಚೋಳಿಯ ಕಡೆಯಿಂದ ಇಳಿದು, ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡವನ್ನು ಬಳಸಿ, ಶಹಾಬಾದದ ಸಮೀಪ ಭೀಮೆಯನ್ನು ಸೇರುವವರೆಗೆ ಹರಿಯುವುದು ಒಂದೇ ಬಗೆಯ ನೆಲದ ಮೇಲಲ್ಲ. ಚಿಂಚೋಳಿಯ ಎತ್ತರದಲ್ಲಿ ಕೆಂಪು ಜಂಬಿಟ್ಟಿಗೆ. ಕೆಳಗಿಳಿದಂತೆ ಕಪ್ಪು ಎರೆ. ಎರೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಮಲಗಿದ ಸುಣ್ಣಕಲ್ಲು. ಆ ಪದರವೇ ಶಹಾಬಾದಿನ ಹಾಸುಗಲ್ಲಾಗಿ ನಾಡಿನ ಮನೆಗಳಿಗೆಲ್ಲ ನೆಲವಾಯಿತು, ಪುಡಿಯಾಗಿ ಸಿಮೆಂಟಾಯಿತು. ಗಿಡ ನೆಡುವವನಿಗೆ ಅದೇ ಪದರ ಶತ್ರು. ಮೇಲಿನ ಮಣ್ಣು ಆಳವಿದ್ದಂತೆ ಕಂಡರೂ ಎರಡು ಮೂರು ಅಡಿಗೆ ಹಾರೆ ಟಣ್ ಎನ್ನುತ್ತದೆ. ಅಲ್ಲಿಗೆ ತೋಡುವುದನ್ನು ನಿಲ್ಲಿಸಿ ಸಸಿಯಿಟ್ಟರೆ, ಬೇರು ಕಲ್ಲಿಗೆ ಬಡಿದು ಬಾಣಲೆಯಲ್ಲಿ ಸುತ್ತಿದಂತೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಗುಂಡಿ ಬಾವಿಯಾಗುತ್ತದೆ, ಬೇಸಗೆಯಲ್ಲಿ ಕುಲುಮೆಯಾಗುತ್ತದೆ. ಐದಾರು ವರ್ಷ ಬೆಳೆದ ಮೇಲೆ ಒಂದು ಬಿರುಗಾಳಿಗೆ ಮರ ಬುಡಸಹಿತ ಮಗುಚುವುದಕ್ಕೆ ಇದು ಕಾರಣವಾಗಬಹುದು.

ಉದ್ದ ಅಗಲ ಆಳ ಮೂರು ಮೂರು ಅಡಿಯ ಗುಂಡಿಯನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ತಳದಲ್ಲಿ ಕಲ್ಲು ಸಿಕ್ಕರೆ ಹಾರೆಯಿಂದ ಪದರವನ್ನು ಸೀಳಿ ಬೇರಿಗೆ ದಾರಿ ಮಾಡಬೇಕು; ಸುಣ್ಣಕಲ್ಲು ಪದರಗುಂಟ ಏಳುವ ಕಲ್ಲಾದುದರಿಂದ ಖಣಿಯ ಕೆಲಸ ಬಲ್ಲವರೊಬ್ಬರಿದ್ದರೆ ಇದು ಅರ್ಧ ದಿನದ ಕೆಲಸ. ತೋಡಿದ ಎರೆಯನ್ನು ಹಾಗೆಯೇ ಮತ್ತೆ ತುಂಬಬಾರದು. ಎರೆ ನೀರು ಕಂಡರೆ ಉಬ್ಬುತ್ತದೆ, ಒಣಗಿದರೆ ಬಿರಿದು ಎಳೆಬೇರನ್ನು ಹರಿಯುತ್ತದೆ. ಅರ್ಧ ಎರೆ, ಕಾಲುಭಾಗ ಗರಸು, ಕಾಲುಭಾಗ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೂಡಿಸಿ ತುಂಬಿ, ಮಟ್ಟಕ್ಕಿಂತ ನಾಲ್ಕಂಗುಲ ಎತ್ತರಿಸಬೇಕು. ಮೊದಲ ಮಳೆಗೆ ಅದು ತಾನೇ ಕುಸಿಯುತ್ತದೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕೆಲವು ಉದ್ಯಾನದ ಗಿಡಗಳ ಎಲೆ ಹಳದಿಗಟ್ಟಿ ನರ ಮಾತ್ರ ಹಸುರುಳಿಯುವುದನ್ನು ಹಲವರು ಕಂಡಿರಬಹುದು. ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಸುಣ್ಣದ ಕಾಟದಿಂದ ಬೇರಿಗೆ ದೊರೆಯದಿರುವುದೇ ಅದಕ್ಕೆ ಕಾರಣ. ಯಾವ ಗಿಡ ಇಲ್ಲಿ ಬಾಳುತ್ತದೆಂದು ತಿಳಿಯಲು ಪ್ರಯೋಗಶಾಲೆಗಿಂತ ಮೊದಲು ಊರಸುತ್ತ ಒಂದು ಸಲ ನಡೆದು ಬರಬೇಕು. ಹಳೆಯ ಮರವೊಂದು ಯಾರ ಉಪಚಾರವೂ ಇಲ್ಲದೆ ನಿಂತಿದ್ದರೆ, ಆ ಮಣ್ಣು ಅದಕ್ಕೆ ಒಗ್ಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಸಿಯನ್ನು ಮೃಗಶಿರಾ ಮಳೆ ನೆಲಕ್ಕೆ ಇಳಿದ ಮೇಲೆ ಇಡುವುದು ವಾಡಿಕೆ. ಗೋಡೆಯಿಂದಲೂ ಬಾವಿಯಿಂದಲೂ ಮೂವತ್ತು ಅಡಿ ದೂರವಿರಲಿ. ಮೇಲೆ ವಿದ್ಯುತ್ತಿನ ತಂತಿ ಹಾಯ್ದಿದ್ದರೆ ಆ ಜಾಗವನ್ನೇ ಬಿಡುವುದು ಲೇಸು. ಇಲ್ಲವಾದರೆ ಹತ್ತು ವರ್ಷದ ಮೇಲೆ ತಂತಿಯವರು ಬಂದು ತಲೆ ಕಡಿದು ಹೋಗುತ್ತಾರೆ. ವರ್ಷಕ್ಕೆ ಎಂಟು ನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುವ ಈ ಸೀಮೆಯಲ್ಲಿ ಬೇರೂರಿದ ತಪಸಿ ತನ್ನನ್ನು ತಾನು ನೋಡಿಕೊಳ್ಳುತ್ತದೆ. ಆದರೆ ಮೊದಲಿನ ಎರಡು ಬೇಸಗೆಗಳಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಎರಡು ಕೊಡ ನೀರು ಬೇಕೇಬೇಕು. ಬುಡಕ್ಕೆ ತೊಗರಿಕಟ್ಟಿಗೆಯನ್ನೋ ಒಣಹುಲ್ಲನ್ನೋ ಹೊದಿಸಿದರೆ ನೀರು ಎರಡು ದಿನ ಹೆಚ್ಚು ನಿಲ್ಲುತ್ತದೆ. ದನ ಆಡುಗಳು ಎಳೆಯ ಎಲೆಗೆ ಬಾಯಿಹಾಕುತ್ತವೆ. ಬೇಲಿಯಿಲ್ಲದೆ ನೆಟ್ಟವರು ನೀರೆರೆದದ್ದು ಆಡಿಗೆಂದೇ ತಿಳಿಯಬೇಕು.

ಜೋಲುವ ಸೊಬಗು ಬೇಕೆನ್ನುವವರಿಗೆ ಒಂದು ಮಾತು. ತಪಸಿಯಲ್ಲಿ ಕ್ಯಾಂಪರ್‌ಡೌನಿನಂತೆ ಪೂರಾ ಇಳಿಬೀಳುವ ಬಗೆಯನ್ನು ಯಾವ ಸಸ್ಯಕ್ಷೇತ್ರದವರಾದರೂ ಮಾರಿದರೆ ನಂಬುವ ಮುನ್ನ ಕಸಿಯ ಕೀಲನ್ನು ತೋರಿಸಲು ಹೇಳಿ. ಸಹಜವಾದ ತಪಸಿಗೆ ಸಾಕಷ್ಟು ಎಡೆ ಕೊಟ್ಟರೆ ಹೊರಮಗ್ಗುಲಿನ ಕೊಂಬೆಗಳು ವಯಸ್ಸಾದಂತೆ ತುಸು ಬಾಗುತ್ತವೆ. ಬೀಜದ ಕಾಲದಲ್ಲಿ ಇನ್ನಷ್ಟು. ನಾವು ಮಾಡಬೇಕಾದುದು ಕತ್ತರಿಯನ್ನು ಹಿಡಿತದಲ್ಲಿಡುವುದು. ಮೊದಲ ನಾಲ್ಕೈದು ವರ್ಷ ಒಂದೇ ಕಾಂಡ ಮೇಲೇಳುವಂತೆ ನೋಡಿ, ಎತ್ತಿನ ಬಂಡಿ ಹಾಯುವ ಎತ್ತರದವರೆಗೆ ಮಾತ್ರ ಕೆಳಗಿನ ಕೊಂಬೆಗಳನ್ನು ಸವರಿ, ಆಮೇಲೆ ಬಿಟ್ಟುಬಿಡಬೇಕು. ತಲೆ ಕಡಿದರೆ ಮರ ಸಾಯುವುದಿಲ್ಲ, ಬುಡದಿಂದಲೂ ಚಿಗುರುವ ಛಲ ಅದಕ್ಕಿದೆ. ಆದರೆ ಕಡಿದೆಡೆಯಿಂದ ಪೊರಕೆಯಂತೆ ನೆಟ್ಟನೆಯ ಚಿಗುರು ಏಳುತ್ತದೆ. ಬಾಗುವ ಸೊಗಸು ಮತ್ತೆ ಬರುವುದು ನಿಧಾನ.

ಅಷ್ಟಕ್ಕೂ ತೃಪ್ತಿಯಾಗದವರು ಕಮರದ ಮರವನ್ನು ನೆನೆಯಬಹುದು. ದಖ್ಖನಿನ ಒಣ ಬಂಡೆನೆಲದ ಮರ ಅದು. ಸಣ್ಣ ಚಿಟ್ಟೆಯ ರೆಕ್ಕೆಯಂತೆ ಜೋಡಿಯಾದ ಎಲೆ, ದಾರದಂತೆ ಇಳಿಬಿದ್ದ ತೆಳುರೆಂಬೆ, ಕೊಡಲಿಯನ್ನೇ ಮೊಂಡಾಗಿಸುವ ಕಟ್ಟಿಗೆ. ಎಲ್ಮಿಗೂ ಅದಕ್ಕೂ ಸಂಬಂಧವಿಲ್ಲ. ಬೆಳವಣಿಗೆ ನಿಧಾನ, ನೆಟ್ಟವರು ಮೊಮ್ಮಕ್ಕಳಿಗಾಗಿ ನೆಟ್ಟೆವೆಂದು ತಿಳಿಯಬೇಕು. ಜೋಲುವ ಮರದ ಚೆಲುವನ್ನು ನಮ್ಮ ನೆಲದಲ್ಲಿಯೇ ಕಾಣಬೇಕೆಂದರೆ ನನ್ನ ಮಟ್ಟಿಗೆ ಅದಕ್ಕೆ ಸಾಟಿಯಿಲ್ಲ.

ತಪಸಿಯ ಸಸಿ ಬೇಕೆಂದರೆ ಸಸ್ಯಕ್ಷೇತ್ರಗಳಲ್ಲಿ ಸದಾ ದೊರೆಯುವುದಿಲ್ಲ. ಹೂವಿಲ್ಲದ, ಮರಮಟ್ಟಿಗೆ ಬೆಲೆಯಿಲ್ಲದ ಮರವನ್ನು ಕೇಳುವ ಗಿರಾಕಿ ಕಡಿಮೆ. ಬೀಜದಿಂದಲೇ ಎಬ್ಬಿಸಿಕೊಳ್ಳುವುದು ಸುಲಭ, ಶಾಲೆಯ ಮಕ್ಕಳೂ ಮಾಡಬಹುದು. ಚಿಂಚೋಳಿಯ ಕಾಡು ಒಣ ಎಲೆಯುದುರುವ ಜಾತಿಯ ಕಾಡಾದರೂ ಬೀಜಕ್ಕಾಗಿ ಅಲ್ಲಿಗೆ ಹೋಗಬಾರದು. ಅದರಲ್ಲಿ ಸುಮಾರು ೧೩೪ ಚದರ ಕಿಲೋಮೀಟರು ೨೦೧೧ರಿಂದ ವನ್ಯಜೀವಿ ಧಾಮ. ಅಪ್ಪಣೆಯಿಲ್ಲದೆ ಅಲ್ಲಿಂದ ಏನನ್ನು ತೆಗೆಯುವುದೂ ಅಪರಾಧ. ದಾರಿಬದಿಯ ಮರವೊಂದು ಸಾಕು. ಏಪ್ರಿಲ್ ಮೇ ತಿಂಗಳಲ್ಲಿ, ಬಿಲ್ಲೆಗಳು ಒಣಹುಲ್ಲಿನ ಬಣ್ಣಕ್ಕೆ ಬಂದು ಗಾಳಿಗೆ ಕಳಚತೊಡಗಿದ ದಿನವೇ ಬುಡದಲ್ಲಿ ಬಟ್ಟೆ ಹಾಸಿ ಹಿಡಿಯಬೇಕು. ನಡುವೆ ಒತ್ತಿ ನೋಡಿ ಬೀಜ ಬೆರಳಿಗೆ ಗಟ್ಟಿಯಾಗಿ ಸಿಕ್ಕಿದವನ್ನು ಆರಿಸಿಕೊಂಡು ಬರಿಯ ರೆಕ್ಕೆಗಳನ್ನು ಬಿಡಬೇಕು. ಎಷ್ಟೋ ಬಿಲ್ಲೆಗಳು ಪೊಳ್ಳಾಗಿರುತ್ತವೆ. ರೆಕ್ಕೆ ಕೀಳುವ, ನೀರಿನಲ್ಲಿ ನೆನೆಸುವ ಶ್ರಮ ಬೇಡ. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಕೂಡಿಡುವುದೂ ಬೇಡ; ಹೊಸದಿದ್ದಾಗ ಮೊಳೆತಂತೆ ಹಳೆಯದು ಮೊಳೆಯುವುದಿಲ್ಲ. ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲದಲ್ಲಿ ಅಡ್ಡಲಾಗಿಟ್ಟು ಅರ್ಧ ಅಂಗುಲ ಮಣ್ಣು ಮುಚ್ಚಿ, ಅರೆನೆರಳಿನಲ್ಲಿ ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಎರಡು ಮೂರು ವಾರದೊಳಗೆ ಮೊಳಕೆ ಕಾಣುತ್ತದೆ. ಒಂದು ವರ್ಷ ಚೀಲದಲ್ಲಿಯೇ ಬೆಳೆಸಿ, ಮೊಣಕಾಲುದ್ದವಾದ ಸಸಿಯನ್ನು ಮರುವರ್ಷದ ಮಳೆಗೆ ನೆಲಕ್ಕಿಡಬೇಕು.

ಆ ಮೊದಲ ವರ್ಷದಲ್ಲಿ ನೋಡುವವರು ಬೆಚ್ಚಬಾರದು. ಮೊಳೆತು ಬಂದ ಗಿಡದ ಎಲೆ ತಾಯಿಮರದ ಎಲೆಯಂತೆ ಇರುವುದಿಲ್ಲ. ಅಂಚಿನ ತುಂಬ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಯೂರೋಪಿನ ಎಲ್ಮಿನ ಎಲೆಯಲ್ಲಿರುವಂತೆಯೇ. ಬೇರೆ ಯಾವುದೋ ಕಳೆ ಹುಟ್ಟಿತೆಂದು ಕಿತ್ತು ಹಾಕುವವರಿದ್ದಾರೆ. ಕೀಳದೆ ಬಿಟ್ಟರೆ ಗಿಡ ಬಲಿತಂತೆ ಹೊಸ ಎಲೆಗಳಲ್ಲಿ ಹಲ್ಲು ಕಡಿಮೆಯಾಗುತ್ತ ಬಂದು, ಕಡೆಗೆ ಅಂಚು ನಯವಾಗುತ್ತದೆ.